ಬಾವಿ ನೀರಲ್ಲಿ ತೊಳೆದ ಬೈಕು

ಮಾವಿನಕುರ್ವೆ, ಹೊನ್ನಾವರ
ಜುಲೈ 14, 2024, ಭಾನುವಾರ

ವಿನುತಾಳ ಪಪ್ಪನಿಗೆ ನಮಸ್ಕಾರಗಳು.

ನೀವು ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಮಸ್ಕತ್ತಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಇಲ್ಲಿ ಅತ್ತೆಯ ಮಂಡಿನೋವು ಮಳೆಗೆ ಜಾಸ್ತಿಯಾಗಿದೆ. ವಿನುತಾ ಹೊಸ ಕೊಡೆಯನ್ನು ಶಾಲೆಯಲ್ಲಿ ಆಗಲೇ ಕಳೆದು ಬಂದಿದ್ದಾಳೆ, ಥೇಟ್ ನಿಮ್ಮ ಹಾಗೆ. ನಿಮ್ಮ ಕಂಪನಿಯ ಭಟ್ಕಳದ ಪ್ರಕಾಶಣ್ಣ ರಜೆ ಮುಗಿಸಿ ಬುಧವಾರ ಹೊರಡುತ್ತಾರಂತೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಫೋನಿನಲ್ಲಿ ನಾನು ಒಂದು ಮಾತು ಆಡುವುದರೊಳಗೆ ನೀವು ನಾಲ್ಕು ಆಡುತ್ತೀರಿ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರಲ್ಲ.

ಬೈಕಿನ ವಿಷಯ. ನೀವು ಹೊರಡುವ ಮುಂಚೆ ಕ್ಯಾಲೆಂಡರಿನ ಹಾಳೆಯ ಹಿಂದೆ ಏಳು ಸೂಚನೆ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದ್ದಿರಿ. ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಡಬೇಕು. ಪ್ರತಿ ಭಾನುವಾರ ಬಾವಿ ನೀರು ಸೇದಿ ತೊಳೆಯಬೇಕು, ನಲ್ಲಿಯದ್ದು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಕೊನೆಯದು, ಯಾರೂ ಓಡಿಸಬಾರದು. ಅದರ ಕೆಳಗೆ ಕೆಂಪು ಗೆರೆ ಬೇರೆ. ಹೆಂಡತಿ ಮಗುವಿನ ಬಗ್ಗೆ ಆ ಹಾಳೆಯಲ್ಲಿ ಒಂದು ಸಾಲೂ ಇರಲಿಲ್ಲ. ಆಗ ನನಗೆ ನಗು ಬಂದಿತ್ತು.

ಕೊನೆಯ ಸೂಚನೆಯನ್ನು ನಾನು ಮುರಿದೆ, ಇಲ್ಲ ಅನ್ನುವುದಿಲ್ಲ. ಕುಮಟಾದ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯವರ ರಕ್ತ ತೆಗೆಯಲು ನಾನು ಏಳು ಗಂಟೆಗೇ ಇರಬೇಕು. ಬಸ್ಸು ನಂಬಿ ಮೂರು ಸಲ ತಡವಾಗಿ, ನಾಲ್ಕನೇ ಸಲ ತಡವಾದರೆ ಬರುವುದೇ ಬೇಡ ಎಂದರು. ಆ ವಾರವೇ ನಿಮ್ಮ ತಮ್ಮ ಹರೀಶನಿಂದ ಕ್ಲಚ್ಚು ಗೇರು ಕಲಿತೆ, ಆಮೇಲೆ ಲೈಸೆನ್ಸೂ ಮಾಡಿಸಿದೆ. ಆದರೆ ಉಳಿದ ಆರನ್ನು ದೇವರ ಪೂಜೆಯಂತೆ ಪಾಲಿಸಿದೆ. ತಪ್ಪಾದದ್ದು ಅಲ್ಲೇ.

ಏಪ್ರಿಲ್ ಬಂತೆಂದರೆ ಹೊಳೆಗೆ ಸಮುದ್ರದ ನೀರು ನುಗ್ಗಿ ನಮ್ಮ ಬಾವಿಗೂ ಉಪ್ಪು ಏರುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ, ಕುಡಿಯಲು ನಲ್ಲಿ ನೀರಿಗೆ ಕಾಯುತ್ತೇವೆ. ಆ ಬಾವಿಯ ಕಟ್ಟೆಯ ಮೇಲೆ ಆಡಿ ಬೆಳೆದವರು ನೀವು, ನಿಮಗೂ ನೆನಪಾಗಲಿಲ್ಲ. ದಿನಾ ಅದೇ ನೀರಿಗೆ ಶಾಪ ಹಾಕುವ ನನಗೂ ಹೊಳೆಯಲಿಲ್ಲ. ಶ್ಯಾಂಪೂ ನೊರೆ ಬಾರದಿದ್ದಾಗ ಇನ್ನೆರಡು ಕೊಡ ಸುರಿದೆ. ಎಂಟು ಭಾನುವಾರ ಹೀಗೆ ತೊಳೆದ ಮೇಲೆ, ಮೇ ಕೊನೆಗೆ, ಹೈವೇ ಸೇರುವ ಇಳಿಜಾರಿನಲ್ಲಿ ತುಕ್ಕು ತಿಂದಿದ್ದ ಹಿಂಬ್ರೇಕಿನ ರಾಡು ಪಟ್ಟನೆ ಮುರಿಯಿತು. ಗಾಬರಿಯಲ್ಲಿ ಮುಂಬ್ರೇಕನ್ನು ಒಮ್ಮೆಲೇ ಹಿಡಿದೆ, ಜಲ್ಲಿಯ ಮೇಲೆ ಬಿದ್ದೆ.

ಆಸ್ಪತ್ರೆಯಿಂದ ಫೋನು ಮಾಡಿದಾಗ ನೀವು ಮೊದಲು ಕೇಳಿದ್ದು ನೆನಪಿದೆಯೇ? "ಟಾಂಕಿಗೆ ಎಂತ ಆಗ್ಲಿಲ್ಲ ಅಲಾ?" ಏನೂ ಆಗಿಲ್ಲ, ಸಣ್ಣ ತಗ್ಗೂ ಇಲ್ಲ. ಮುರಿದದ್ದು ನನ್ನ ಎಡಗೈ. ಆರು ವಾರ ಪ್ಲಾಸ್ಟರ್ ಇತ್ತು, ಮೊನ್ನೆ ತೆಗೆದರು. ಈ ಆರು ವಾರದಲ್ಲಿ ನೀವು ಬೈಕಿನ ಫೋಟೋ ನಾಲ್ಕು ಸಲ ಕೇಳಿದ್ದೀರಿ. ಕೈ ಹೇಗಿದೆ ಎಂದು ಒಮ್ಮೆಯೂ ಇಲ್ಲ. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ.

ಹೊನ್ನಾವರದ ಮೆಕ್ಯಾನಿಕ್ ದಾಸಣ್ಣ ಚಕ್ರ ಬಿಚ್ಚಿ ನೋಡಿ, "ತಂಗಿ, ಇದು ತೊಳ್ದದ್ದಲ್ಲ, ಮೀನಿಗೆ ಉಪ್ಪು ಹಾಕಿಟ್ಟಂಗೆ ಆತು" ಎಂದರು. ಅವರಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ, ಅಲ್ಲಿಯೂ ಸಮುದ್ರ ಹತ್ತಿರವಲ್ಲವೇ. ಬೈಕನ್ನು ನಿಲ್ಲಿಸಿ ಐದು ನಿಮಿಷ ಗುರ್ ಅನ್ನಿಸಿದರೆ ಪೆಟ್ರೋಲ್ ದಂಡ, ನಾಲ್ಕು ಮೈಲಿ ಓಡಿಸಬೇಕು. ತೊಳೆಯಲು ಸಿಹಿನೀರೇ ಬೇಕು, ತೊಳೆದ ಮೇಲೆ ಒರೆಸಿ, ಚೈನಿನ ಕೊಳೆ ತೆಗೆದು ಎಣ್ಣೆ ಬಿಡಬೇಕು. ಗಾಳಿಯನ್ನು ಟಯರು ತಣ್ಣಗಿರುವಾಗ ನೋಡಬೇಕು. ಬ್ರೇಕನ್ನು ಎರಡೂ ಒಟ್ಟಿಗೆ, ಮೆಲ್ಲಗೆ ಒತ್ತಬೇಕು, ಹೊರಡುವ ಮೊದಲು ಮನೆ ಮುಂದೆಯೇ ಒಮ್ಮೆ ಒತ್ತಿ ನೋಡಬೇಕು. ನಿಮ್ಮ ಏಳರಲ್ಲಿ ಬ್ರೇಕಿನ ಮಾತೇ ಇರಲಿಲ್ಲ. ಓಡಿಸಲೇಬಾರದ ಬೈಕಿಗೆ ಬ್ರೇಕು ಯಾಕೆ ಅಂದುಕೊಂಡಿರೇನೋ.

ಈಗ ಅದನ್ನು ಹರೀಶನಿಗೆ ಕೊಡು, ಹೆಂಗಸರ ಕೈಗೆ ಆಗುವುದಲ್ಲ ಎಂದು ಅಪ್ಪಣೆ ಮಾಡಿದ್ದೀರಿ. ಅವನು ಕೇಳಿರಲೇ ಇಲ್ಲ. ಹೇಳಿದಾಗ, "ನಂಗೆ ಬೇಡ ಅತ್ತಿಗೆ, ನೀವು ಕೆಲಸಕ್ಕೆ ಹೋಗುದು ಹೆಂಗೆ?" ಎಂದ. ಮನೆಯಲ್ಲಿ ಆ ಪ್ರಶ್ನೆ ಕೇಳಿದವನು ಅವನೊಬ್ಬನೇ. ದಾಸಣ್ಣ ಹೊಸ ರಾಡು ಹಾಕಿದ್ದಾರೆ. ನಾಳೆಯಿಂದ ನಾನು ಮತ್ತೆ ಕುಮಟಾಕ್ಕೆ ಹೋಗುತ್ತೇನೆ. ಕ್ಲಚ್ಚು ಹಿಡಿದರೆ ಕೈ ಇನ್ನೂ ನೋಯುತ್ತದೆ.

ಅತ್ತೆಯ ಆಶೀರ್ವಾದ, ವಿನುತಾಳ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನೇತ್ರಾ

ಮತ್ತೊಂದು: ಪ್ರಕಾಶಣ್ಣ ಕಾಗದ ಒಯ್ಯಲು ಇವತ್ತೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. ಲಕೋಟೆಯೊಳಗೆ ಬೈಕನ್ನು ನನ್ನ ಹೆಸರಿಗೆ ಮಾಡುವ ಫಾರಂ ಇದೆ. ಪೆನ್ಸಿಲಿನ ಗುರುತಿರುವಲ್ಲಿ ಸಹಿ ಮಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸಿ. ಗಂಡನ ಹೆಸರು ಹೇಳಬಾರದೆಂದು ಅತ್ತೆ ಕಲಿಸಿದ್ದರು, ಹತ್ತು ವರ್ಷ ನಾನು ಹೇಳಲೂ ಇಲ್ಲ, ಬರೆಯಲೂ ಇಲ್ಲ. ರೇಷನ್ನು, ಶಾಲೆ, ಬ್ಯಾಂಕು, ಎಲ್ಲದಕ್ಕೂ ಹರೀಶನೇ ಬರೆದುಕೊಡುತ್ತಿದ್ದ. ಇದನ್ನು ಅವನಿಂದ ಬರೆಸಲಿಲ್ಲ. ಬಿಟ್ಟುಕೊಡುವವರ ಹೆಸರು ಎಂಬಲ್ಲಿ ನಿಮ್ಮ ಹೆಸರನ್ನು ನಾನೇ ಬರೆದಿದ್ದೇನೆ. ತಪ್ಪಿಲ್ಲದೆ ಬಂದಿದೆ, ನೋಡಿ.