ಕೊಯ್ಯದೆ ಉಳಿಸಿದ ತುಂಡು

ಸವಣೂರು
೧೨ ಮೇ ೧೯೬೧, ಶುಕ್ರವಾರ

ಬೆಳಗಿನಿಂದ ಬ್ಲೇಡಿನ ಹಲ್ಲು ತಿಕ್ಕುವುದೇ ಆಯಿತು. ಅರ ಸವೆದಿದೆ, ಕಣ್ಣೂ ಸವೆದಿದೆ. ಬಾವಿ ಬತ್ತಿದ ಮೇಲೆ ನೀರೆತ್ತುವ ಇಂಜಿನ್ನಿಗೆ ಕೆಲಸವಿರಲಿಲ್ಲ. ಕೊಟ್ಟಿಗೆಗೆ ತಂದು, ಪಟ್ಟಾ ಹಾಕಿ, ಗುಂಡು ಗರಗಸ ತಿರುಗುವ ಹಾಗೆ ಮಾಡಿಕೊಂಡೆ. ರಸ್ತೆ ಓವರ್‌ಸಿಯರ್ ಆಗಿ ಊರೂರಲ್ಲಿ ಕಲ್ಲು ಒಡೆಸಿದವನು ಪೆನ್ಶನ್ ಆದ ಮೇಲೆ ಕಟ್ಟಿಗೆ ಒಡೆಯುತ್ತಿದ್ದೇನೆ. ಓಣಿಯವರು ದಿಮ್ಮಿ ತರುತ್ತಾರೆ, ಕೊಯ್ದು ಕೊಡುತ್ತೇನೆ. ಅವರಿಗೆ ಕಟ್ಟಿಗೆ, ನನಗೆ ಸಪ್ಪಳ. ಹೆಂಡತಿ ಇಂದಿರಾ ಹೋದ ಮೇಲೆ ಈ ಮನೆಗೆ ಸಪ್ಪಳ ಬೇಕು.

ಬಂಕಾಪುರ ರಸ್ತೆಯ ಹೊಲದಲ್ಲಿ ಲಕ್ಕಪ್ಪನ ಹುಣಸೆ ಮೊನ್ನೆಯ ಗಾಳಿಗೆ ಬಿತ್ತು. ಗಾಡಿಯಲ್ಲಿ ಹೇರಿ ತಂದ. "ಅರ್ಧಾ ನಿಮಗ, ಅರ್ಧಾ ನನಗ. ಕೊಯ್ದ ಕೊಟ್ರ ಸಾಕ್ರಿ."

ಮೂರನೆಯ ಕೊಯ್ತಕ್ಕೆ ಮರದೊಳಗೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಕಲೆ. ಆಗಲೇ ನಿಲ್ಲಿಸಬೇಕಿತ್ತು. ಟ್ಯಾನಿನ್ ಪ್ಲಸ್ ಐರನ್ ಈಕ್ವಲ್ ಟು ಇಂಕ್, ಮರದ ಒಗರಿಗೆ ಕಬ್ಬಿಣ ಸೇರಿದರೆ ಶಾಯಿ… ಧಾರವಾಡದ ಕಾಲೇಜಿನಲ್ಲಿ ಕೆಮಿಸ್ಟ್ರಿ ನಪಾಸಾದೆ, ಇದೊಂದು ನೆನಪಿದೆ. ಅದೂ ಹಲ್ಲು ಮುರಿದ ಮೇಲೆ ನೆನಪಾಯಿತು. ಕರ್ರ್ ಅಂತ ಕಿಡಿ ಹಾರಿತು. ಉಳಿ ಹಚ್ಚಿ ಕೆತ್ತಿದರೆ ಮೊಳೆಗಳು — ಐದು. ಬೆರಳುದ್ದ, ಕೈಯಿಂದ ಬಡಿದು ಮಾಡಿದವು. ಯಾರ ಉಡಾಳತನವೋ. ಕಬ್ಬಿಣ ಮಾತ್ರ ಫಸ್ಟ್ ಕ್ಲಾಸ್. ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿದೆ. ಒಂದನ್ನು ನಡುಮನೆಯ ಗೋಡೆಗೆ ಹೊಡೆದು ಇಂದಿರಾಳ ಫೋಟೋ ತೂಗುಹಾಕಿದೆ. ಇಷ್ಟು ವರ್ಷ ಕಿಟಕಿಯ ಸರಳಿಗೆ ದಾರ ಕಟ್ಟಿಸಿಕೊಂಡು ಕೂತಿದ್ದಳು, ಪಾಪ.

ಅಂಗಳ ಗುಡಿಸುವ ಮುದಕವ್ವ ಚೆಕ್ಕೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ತನ್ನ ಒಲೆಗೆ ಒಯ್ದಳು. ಯಾವಾಗಲೂ ಒಯ್ಯುತ್ತಾಳೆ.

೧೫ ಮೇ, ಸೋಮವಾರ

ಇಡೀ ದಿನ ಬೆಣೆ, ಸುತ್ತಿಗೆ. ಹುಣಸೆಯ ಎಳೆ ಜಡೆ ಹೆಣೆದ ಹಾಗೆ. ಕವಲಿನ ಬುಡದ ತುಂಡಿಗೆ ಎರಡು ಬೆಣೆ ನುಂಗಿಸಿದೆ — ಜಪ್ಪಯ್ಯ ಅನ್ನಲಿಲ್ಲ.

"ಬಿಡ್ರಿ ರಾಯರ, ಅದೂ ನಿಮ್ಮಂಗ ಹಟಮಾರಿ ಐತಿ," ಅಂದಳು ಮುದಕವ್ವ.

"ನಿನ್ನಂಗಂತೂ ಅಲ್ಲ. ನೀ ಆಗಿದ್ರ ಇಷ್ಟೊತ್ತಿಗೆ ಬಾಯಿ ಬಿಡತಿದ್ದಿ."

ನಕ್ಕಳು. ಸಂಜೆ ಮತ್ತೆ ಬಂದಳು, ಆಗ ನಗು ಇರಲಿಲ್ಲ. ಜೊತೆಗೆ ಮಗಳು ದುರಗವ್ವ. ಚಿಕ್ಕೇರೂರಿನ ಗಂಡನ ಮನೆಯಿಂದ ಬಾಣಂತನಕ್ಕೆ ಬಂದವಳು, ಏಳು ತಿಂಗಳು. ಐದು ವರ್ಷದ ಹಿಂದೆ ಮೊದಲ ಕೂಸು ಹೋದಾಗ ಈ ಹುಡುಗಿಯ ಮಾತು ನಿಂತಿತ್ತು, ಬಾವಿಯ ಕಟ್ಟೆಯಿಂದ ಹಿಡಿದು ಎಳೆದು ತಂದಿದ್ದರು. ಅಷ್ಟು ನನಗೂ ಗೊತ್ತು. ಗೊತ್ತಿಲ್ಲದ್ದನ್ನು ಈಗ ಅವಳೇ ಹೇಳಿದಳು. ತಡಸದ ಕಡೆಯ ಒಬ್ಬ ಅಜ್ಜ ಲಕ್ಕಪ್ಪನ ಹುಣಸೆಗೆ ಮೊಳೆ ಹೊಡೆದು, ಅವಳನ್ನು ಹಿಡಿದದ್ದನ್ನು ಆ ಮರಕ್ಕೆ ಕಟ್ಟಿಹಾಕಿದನಂತೆ. ಮಾತು ಬಂದದ್ದು ಅದಾದ ಮೇಲೆ.

"ಮರ ಬಿತ್ತಂತ್ರಿ. ನಿಮ್ಮಲ್ಲಿ ಬಂದೈತಂತ. ಅದರಾಗ ನನ್ನ ಮೊಳಿ ಅದಾವ್ರಿ."

ಸುದ್ದಿ ಕೇಳಿದಾಗಿನಿಂದ ಊಟ ಬಿಟ್ಟಿದ್ದಾಳೆ. ಮುಖ ಸೀಳಿದ ಕಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಮುದಕವ್ವ ನೆಲ ನೋಡುತ್ತ ನಿಂತಿದ್ದಳು. ನನ್ನ ಮೊಣಕೈ ಪಕ್ಕದಲ್ಲೇ ಮೊಳೆಯ ಡಬ್ಬಿ.

"ಅದಾವವ್ವಾ," ಅಂದೆ. "ಆ ತುಂಡು ಕೊಯ್ದಿಲ್ಲ. ಎತ್ತಿಟ್ಟೀನಿ."

"ನೋಡಬೇಕಲ್ರಿ."

"ಅದರ ಮ್ಯಾಲೆ ಕಟ್ಟಿಗಿ ಒಟ್ಟೇತಿ. ನಾಡದು ಬಾ."

ಯಾಕೆ ಹಾಗಂದೆ… ವ್ಹೈಟ್ ಲೈ ಅನ್ನುತ್ತಾರೆ ಇಂಗ್ಲಿಷಿನಲ್ಲಿ. ಬಿಳಿಯ ಬಟ್ಟೆಯ ಮೇಲೇ ಕಲೆ ಬೇಗ ಕಾಣುವುದು.

೧೬ ಮೇ, ಮಂಗಳವಾರ

ಇಂಜಿನ್ನು ಹಚ್ಚಲಿಲ್ಲ. ಕೊಟ್ಟಿಗೆಯ ಬಾಗಿಲು ಮುಂದೆ ಮಾಡಿ ಕೂತೆ. ಒಡೆಯದ ಆ ಕವಲಿನ ತುಂಡೇ ಉಳಿದಿತ್ತು. ಮೊಳೆ ಹಾಗೆಯೇ ಹೊಡೆದರೆ ಬಾಗುತ್ತದೆ, ಕೈ ಬೈರಿಗೆಯಿಂದ ತೂತು ಕೊರೆದೆ. ಐದು ಬೇಕಿದ್ದಲ್ಲಿ ಲೆಕ್ಕ ತಪ್ಪಿ ಆರು ಕೊರೆದುಬಿಟ್ಟೆ. ಹೆಚ್ಚಿನದಕ್ಕೆ ಬೂದಿ, ಮೇಣ ತುಂಬಿದೆ. ನಾಲ್ಕು ಮೊಳೆ ಡಬ್ಬಿಯಲ್ಲಿದ್ದವು. ಐದನೆಯದು ಗೋಡೆಯಲ್ಲಿ. ಫೋಟೋ ಇಳಿಸಿ ಅಕ್ಕಿಯ ಡಬ್ಬಿಗೆ ಒರಗಿಸಿದೆ. ಫೋಟೋದಲ್ಲಿ ಇಂದಿರಾಳ ಕಣ್ಣು ಬೇರೆ ಕಡೆಗಿದೆ. ಅವಳು ಬದುಕಿದ್ದಾಗಲೂ ಹೀಗೆಯೇ, ನಾನು ತಪ್ಪು ಮಾಡುವಾಗ ಬೇರೆ ಕಡೆ ನೋಡುತ್ತಿದ್ದಳು.

ಅಳಲೆಕಾಯಿ ಕುದಿಸಿ, ತುಕ್ಕು ಕಲಸಿ, ಮೊಳೆಯ ಸುತ್ತ ಹಚ್ಚಿದೆ. ಕಪ್ಪು ಕಲೆ ಚೆನ್ನಾಗಿ ಇಳಿಯಿತು. ಮುಗಿದ ಮೇಲೆ ದೂರ ನಿಂತು ನೋಡಿ… ಬರೆಯಲು ನಾಚಿಕೆ. ಕೆಲಸ ಬರೋಬರಿ ಆಗಿದೆ ಅಂತ ಸಂತೋಷವಾಯಿತು.

೧೭ ಮೇ

ಬಂದರು. ದುರಗವ್ವ ಒಂದೊಂದೇ ಮೊಳೆಯ ತಲೆ ಮುಟ್ಟಿದಳು. ಅರಿಸಿನ ಹಚ್ಚಿದಳು, ನಿಂಬೆಹಣ್ಣು ಇಟ್ಟಳು. ಎದ್ದು ನಿಂತು, "ರಾಯರ, ಹಸಿವಿ ಆಗೇತ್ರಿ," ಅಂದಳು. ಮುದಕವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವಲಕ್ಕಿ ಕಲಸಿ ಕೊಟ್ಟೆ. ಎರಡು ಸಲ ಕೇಳಿ ಹಾಕಿಸಿಕೊಂಡು ತಿಂದಳು.

ನನಗೆ ಸೇರಲಿಲ್ಲ.

೨೩ ಜುಲೈ, ರವಿವಾರ

ದುರಗವ್ವ ಹಡೆದಳು. ಹೆಣ್ಣು. ಇಬ್ಬರೂ ಗಟ್ಟಿ. ಮುದಕವ್ವ ಬೆಲ್ಲ ಹಿಡಿದು ಓಡಿಬಂದಳು. ಮೊದಲು ಬೆಲ್ಲ ಇಟ್ಟದ್ದು ತುಂಡಿನ ಮುಂದೆ, ಆಮೇಲೆ ನನ್ನ ಕೈಗೆ. ಓಣಿಯ ಹೆಂಗಸರೂ ಈಗ ಬಂದು ಅದಕ್ಕೆ ಕುಂಕುಮ ಹಚ್ಚಿ ಹೋಗುತ್ತಾರೆ. ಅದನ್ನು ಅಂಗಳಕ್ಕೆ ತಂದಿಟ್ಟು, ಮಳೆ ತಾಗದಿರಲೆಂದು ಯಾರೋ ಮೇಲೆ ತಗಡು ಮುಚ್ಚಿದ್ದಾರೆ. ತಗಡು ನನ್ನದೇ.

ಸುಳ್ಳಿನಿಂದ ಒಳ್ಳೆಯದಾಯಿತು ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಲಾಜಿಕ್ ಪೇಪರಿನಲ್ಲಿ ಇದಕ್ಕೊಂದು ಹೆಸರಿತ್ತು, ಫ್ಯಾಲಸಿ ಆಫ್… ಆಫ್ ಏನು, ಮರೆತೆ.

೨೪ ಆಗಸ್ಟ್, ಗುರುವಾರ

ಇವತ್ತು ಮಾಡಿದ್ದನ್ನು ಬರೆಯದೆ ಬಿಟ್ಟರೆ ಮಾಡಿಲ್ಲ ಅಂತ ಆಗುವುದಿಲ್ಲ.

ಲಕ್ಕಪ್ಪ ಮಗಳು ಶೇಖವ್ವನನ್ನು ಕರೆದುಕೊಂಡು ಬಂದ. ಹದಿನಾರೋ ಹದಿನೇಳೋ. ಮದುವೆ ಗಟ್ಟಿಯಾಗಿದೆ. ಒಣಗಿದ ಜೋಳದ ದಂಟಿನ ಹಾಗಾಗಿದ್ದಾಳೆ. ಕೆಮ್ಮು. ಸಂಜೆಯಾದರೆ ಸಣ್ಣ ಜ್ವರ. ಜ್ವರದಲ್ಲಿ ಸತ್ತ ಅಜ್ಜಿಯ ಹೆಸರು ಹಿಡಿದು ಮಾತಾಡುತ್ತಾಳಂತೆ. ಅದಕ್ಕೇ ಇಲ್ಲಿಗೆ. ಲಕ್ಕಪ್ಪನ ಕೈಯಲ್ಲಿ ಹೊಸ ಮೊಳೆ.

"ನೀವ ಹೊಡೀಬೇಕ್ರಿ. ಮರ ನಿಮ್ಮ ಮಾತ ಕೇಳತೈತಿ."

ಸಂಜೆಯ ಜ್ವರ ನನಗೆ ಗೊತ್ತು. ಗಲ್ಲದ ಆ ಕೆಂಪೂ ಗೊತ್ತು. ಇಂದಿರಾ ಒಂದು ವರ್ಷ ಹೀಗೆ ಉರಿದು ಹೋದಳು. ಆಗ ಕ್ಷಯಕ್ಕೆ ಸೂಜಿ ಇರಲಿಲ್ಲ. ಈಗ ಇದೆ.

"ಲಕ್ಕಪ್ಪಾ, ಹುಬ್ಬಳ್ಳಿ ದವಾಖಾನಿಗೆ ಒಯ್ಯಿ. ಎದಿ ಫೋಟೋ ತಗಸು."

"ದವಾಖಾನಿ ಅಂದ್ರ ಊರಿಗೆಲ್ಲ ಸುದ್ದಿ ಆಕ್ಕೈತ್ರಿ. ಬೀಗ್ರು ಕೈ ತೊಳಕೋತಾರ. ಮೊದಲ ಇದರ ಗುಣಾ ನೋಡೂಣ್ರಿ."

ದುರಗವ್ವ ಅಲ್ಲೇ ಇದ್ದಳು, ಕೂಸನ್ನು ಎತ್ತಿಕೊಂಡು. "ಹೆದರಬ್ಯಾಡ ಶೇಖೀ, ನಾನೂ ಹಿಂಗ ಇದ್ದೆ. ಈಗ ನೋಡು," ಅಂದಳು. ಕೂಸು ಅವಳ ಕುತ್ತಿಗೆಯ ಸರ ಹಿಡಿದು ಜಗ್ಗುತ್ತಿತ್ತು. ಆ ಮುಖದ ಮುಂದೆ ನಾನು ಏನು ಹೇಳಲಿ? ಇದೆಲ್ಲ ನಾನೇ ಮಾಡಿದ್ದು ಅಂತಲೇ?

ಹೊಡೆದೆ. ಮೊಳೆ ಸಿಕ್ಕಿದ್ದು ಆ ಆರನೆಯ ತೂತಿಗೆ. ಹುಣಸೆಯ ಕವಲಿನಲ್ಲಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅದನ್ನು ನೋಡಿ ಲಕ್ಕಪ್ಪ ನನ್ನ ಕಾಲಿಗೆ ಬಿದ್ದ.

೧೯ ಸೆಪ್ಟೆಂಬರ್, ಮಂಗಳವಾರ

ಶೇಖವ್ವನಿಗೆ ಕೆಮ್ಮಿನಲ್ಲಿ ರಕ್ತ. ಲಕ್ಕಪ್ಪ ಬಂದಿದ್ದ. ದವಾಖಾನೆಯ ಮಾತು ಮತ್ತೆ ತೆಗೆದೆ. ಕೇಳಿಸಿಕೊಳ್ಳಲಿಲ್ಲ. "ಇನ್ನೊಂದ ಮೊಳಿ ಬೇಕಾಗೇತಿ ಕಾಣ್ತೈತ್ರಿ. ನಾಡದು ಮುಂಜಾನಿ ಕರಕೊಂಡ ಬರ್ತೇನಿ." ಅಂದರೆ ಗುರುವಾರ. ಹೋಗುವಾಗ ತುಂಡಿಗೆ ಕೈ ಮುಗಿದ.

ನಾನು ಆ ಮೊಳೆ ಹೊಡೆದು ಇಪ್ಪತ್ತಾರು ದಿನ ಆಗಿಹೋಗಿವೆ. ಲೆಕ್ಕ ಇಡಬಾರದು ಅಂದುಕೊಂಡರೂ ಲೆಕ್ಕ ತಾನೇ ನಡೆದಿದೆ.

೨೦ ಸೆಪ್ಟೆಂಬರ್

ಮುದಕವ್ವ ಗುಡಿಸಲು ಬಂದಾಗ ಕೂಡಿಸಿಕೊಂಡು ಹೇಳಿದೆ. ಎಲ್ಲ. ಗರಗಸ, ಮೊಳೆ, ಬೈರಿಗೆ, ಅಳಲೆಕಾಯಿ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಕಸಬರಿಗೆಯ ಕಡ್ಡಿ ಮುರಿಯುತ್ತ ಕೂತಳು.

"ನನಗ ಗೊತ್ತೈತ್ರಿ."

"ಏನು?"

"ನೀವು ಕೊಯ್ದ ದಿನಾನ ಬುಟ್ಟ್ಯಾಗ ಕರೀ ಚೆಕ್ಕಿ ಬಂದಿದ್ದೂ. ಆ ಮರದಾಗ ಬ್ಯಾರೆ ಕಬ್ಬಿಣ ಎಲ್ಲೈತ್ರಿ? ನನ್ನ ಕೈಲೇನ ಒಲಿಗಿ ಹಾಕಿದ್ದೆ. ಆಮ್ಯಾಲೆ ತಿಳೀತು."

"ಮತ್ತ ಮಗಳನ್ನ ಯಾಕ ಕರಕೊಂಡ ಬಂದಿ?"

"ಹುಡಿಗಿ ಉಪಾಸ ಕುಂತಿದ್ಲು. ನಾ ಹೇಳಿದ್ರ ನಂಬತಿದ್ದಿಲ್ಲ. ನಿಮ್ಮ ಬಾಯಿಲೆ ಏನ್ ಬರತೈತಿ ನೋಡೂಣಂತ ಬಂದೆ. ನೀವು ಸುಳ್ಳ ಹೇಳಿದ್ರಿ. ಅವತ್ತ ಮನಸಿನ್ಯಾಗ ನಿಮಗ ಕೈ ಮುಗದೀನ್ರಿ."

ಲಕ್ಕಪ್ಪನಿಗೆ ನಿಜ ಹೇಳಬೇಕು ಅಂದೆ. ಬಾಯಿಮಾತನ್ನು ಅವನು ನಂಬುವುದಿಲ್ಲ, ತುಂಡನ್ನೇ ಕೊಯ್ದು ಬೈರಿಗೆಯ ತೂತು ತೋರಿಸಬೇಕು ಅಂದೆ. ಆಗ ಎದ್ದು ನಿಂತಳು.

"ಕೂಸಿಗೆ ಐದ ತಿಂಗಳ ತುಂಬಿದ್ರ ನನ್ನ ಮಗಳು ಗಂಡನ ಮನಿಗೆ ಹೊಕ್ಕಾಳ. ಅಲ್ಲಿತನಾ ತಡೀರಿ."

"ಅಲ್ಲಿತನಾ ಆ ಹುಡುಗಿ ಉಳೀತಾಳೇನು?"

"ನಿಮ್ಮ ಪಾಪ ತೊಳಕೊಳ್ಳಾಕ ನನ್ನ ಮಗಳನ್ನ ಬಾವ್ಯಾಗ ನೂಕಬ್ಯಾಡ್ರಿ ರಾಯರ. ಆಕಿ ಎದ್ಯಾಗ ಹಾಲ ಐತಿ."

ಅರ್ಧ ಗುಡಿಸಿದ ಅಂಗಳ ಬಿಟ್ಟು ಹೋದಳು. ಉಳಿದರ್ಧ ನಾನು ಗುಡಿಸಿದೆ. ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಿದೆ. ಸಿಗಲಿಲ್ಲ. ಡಾಕ್ಟರಿಗೆ ತೋರಿಸಿ ಬಂದರಷ್ಟೇ ಮೊಳೆ ಹಿಡಿಯುತ್ತದೆ ಅಂತ ಲಕ್ಕಪ್ಪನಿಗೆ ಇನ್ನೊಂದು ಸುಳ್ಳು ಹೇಳಬಹುದೇ — ಮಧ್ಯಾಹ್ನವೇ ಅವನ ಹೊಲದವರೆಗೆ ನಡೆದುಹೋಗಿ ಅದನ್ನೂ ಹೇಳಿನೋಡಿದೆ. ನಕ್ಕ. "ಮೊದಲನೇ ಮೊಳಿಗೆ ಡಾಕ್ಟರ್ ಬೇಕಾಗಿದ್ದಿಲ್ಲಲ್ರಿ. ನೀವು ಸಣ್ಣ ಮನಸ ಮಾಡಬ್ಯಾಡ್ರಿ." ಒಳಗೆ ಶೇಖವ್ವ ಕೆಮ್ಮುತ್ತಿದ್ದಳು.

೨೧ ಸೆಪ್ಟೆಂಬರ್, ಗುರುವಾರ. ಬೆಳಿಗ್ಗೆ ಏಳು.

ಸ್ನಾನ, ಸಂಧ್ಯಾವಂದನೆ ಆಯಿತು. ತುಂಡನ್ನು ಕೊಟ್ಟಿಗೆಗೆ ಉರುಳಿಸಿ ಗರಗಸದ ಬೆಂಚಿಗೆ ಏರಿಸಿದೆ, ಸೊಂಟ ಹಿಡಿದಿದೆ. ಕುಂಕುಮ ಒರೆಸಲಿಲ್ಲ. ಲಕ್ಕಪ್ಪನ ಮೊಳೆ ಕಿತ್ತು, ಉಳಿದ ಮೊಳೆಗಳ ನಡುವೆ, ಆ ಆರನೆಯ ತೂತಿನ ಮೇಲೆ ಸುಣ್ಣದ ಗೆರೆ ಎಳೆದಿದ್ದೇನೆ. ಅಲ್ಲಿ ಕೊಯ್ದರೆ ಹೆಚ್ಚಿನ ತೂತು ಸೀಳಿ ಬಾಯಿ ಬಿಡುತ್ತದೆ, ಬೂದಿ ಮೇಣ ಸಮೇತ. ಕುರುಡನಿಗೂ ತಿಳಿಯುವ ಹಾಗೆ. ಲಕ್ಕಪ್ಪ ಒಬ್ಬನೇ ಒಳಗೆ ಬರಲಿ, ಅವನಿಗಷ್ಟೇ ತೋರಿಸುತ್ತೇನೆ, ದುರಗವ್ವನ ಕಿವಿಗೆ ಹೋಗದ ಹಾಗೆ ಆಣೆ ಹಾಕಿಸುತ್ತೇನೆ. ಇದು ಪ್ಲ್ಯಾನು. ಹುಬ್ಬಳ್ಳಿಯ ಬಸ್ಸು ಎಂಟೂವರೆಗೆ. ನಾನೂ ಜೊತೆಗೆ ಹೋಗುವವನು, ಕೋಟು ತೆಗೆದಿಟ್ಟಿದ್ದೇನೆ.

ಇಂಜಿನ್ನು ಹಚ್ಚಿದೆ. ಕಾಯಲಿ ಅಂತ ಬಿಟ್ಟು ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬ್ಲೇಡು ಸುಮ್ಮನೆ ತಿರುಗುತ್ತಿದೆ.

ಗಾಡಿ ಬಂತು. ಶೇಖವ್ವ ಮಲಗಿದ್ದಾಳೆ, ಕೌದಿ ಹೊದ್ದು. ತಲೆ ದುರಗವ್ವನ ತೊಡೆಯ ಮೇಲೆ. ಇನ್ನೊಂದು ತೊಡೆಯ ಮೇಲೆ ಕೂಸು. ದುರಗವ್ವನನ್ನು ಬರಹೇಳಿದ್ದು ಯಾರು… ಅವಳೇ ಬಂದಿರಬೇಕು, ಧೈರ್ಯ ಹೇಳಲು. ಕೈಯಲ್ಲಿ ನಿಂಬೆಹಣ್ಣು. ಹಿಂದೆ ಮುದಕವ್ವ ನಡೆದು ಬರುತ್ತಿದ್ದಾಳೆ, ನನ್ನನ್ನೇ ನೋಡುತ್ತ.

ತುಂಡಿನ ಮೇಲೆ ಗೋಣಿಚೀಲ ಎಳೆಯಲೇ ಅಂದುಕೊಂಡೆ. ಎದ್ದೆ. ಚೀಲ ಕೈಯಲ್ಲಿ ಹಿಡಿದೆ. ಶೇಖವ್ವ ಕೆಮ್ಮಿದಳು.

ಚೀಲ ಕೆಳಗಿಟ್ಟೆ.

ದುರಗವ್ವ ಗಾಡಿಯಿಂದ ಇಳಿದು, ಕೂಸನ್ನು ಸೊಂಟಕ್ಕೆ ಏರಿಸಿ, ನಗುತ್ತ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಬೆಂಚು ನೋಡಿದಳು. ಸುಣ್ಣದ ಗೆರೆ ನೋಡಿದಳು. "ರಾಯರ," ಅಂತಿದ್ದಾಳೆ, "ಇದೇನ್ರಿ ಇದು —"

ಪೆನ್ನು ಇಟ್ಟು ಕೊಯ್ಯಲು ಏಳುತ್ತಿದ್ದೇನೆ.