ಒಂದು ಸೈಜ್ ದೊಡ್ಡದು

ರೀ,

ನೀವು ತಂದ ಬೆಲ್ಟಿನಿಂದ ನಾಯಿಮರಿ ಇವತ್ತು ನಡುರಸ್ತೆಯಲ್ಲೇ ಜಾರಿಕೊಂಡಳು. ನನ್ನ ಕೈಯಲ್ಲಿ ಬರೀ ಬೆಲ್ಟು, ಅವಳು ಲಾರಿ ಚಕ್ರದ ಪಕ್ಕ. ಹಾಲಿನವರು ಅವಳನ್ನು ಬಾಚಿ ಎತ್ಕೊಳ್ಳದೇ ಹೋಗಿದ್ದರೆ ಈ ಚೀಟಿ ಇಷ್ಟು ಮರ್ಯಾದೆಯಾಗಿ ಬರೀತಿರಲಿಲ್ಲ.

ಬೆಳೀತಾಳೆ ಅಂತ ಒಂದು ಸೈಜ್ ದೊಡ್ಡದು ತಂದಿರಂತೆ. ಎಷ್ಟು ಬೆಳೆದರೂ ನಿಮ್ಮ ಶೂನಷ್ಟೇ ಆಗೋ ಜಾತಿ ಅದು, ಸ್ಕೂಲಿಗೆ ಸೇರಿಸೋ ಮಗು ಅಲ್ಲ.

ಸಂಜೆ ಹೋಗಿ ಬದಲಾಯಿಸಿ. ಅವಳನ್ನೂ ಎತ್ಕೊಂಡು ಹೋಗಿ, ನಿಮ್ಮ ಕಣ್ಣಳತೆ ಗೊತ್ತಾಯ್ತು. ಕತ್ತಿಗಲ್ಲ, ಎದೆ ಸುತ್ತ ಕಟ್ಟೋದು ಕೇಳಿ, ಒಳಗೆ ಮೆತ್ತನೆ ಬಟ್ಟೆ ಇರಲಿ. ಹಾಕಿದ ಮೇಲೆ ಎರಡು ಬೆರಳು ತೂರಬೇಕು, ಮುಷ್ಟಿಯಲ್ಲ.

ಅತ್ತೆಯೂ ಬೆಳೀತಾನೆ ಅಂತಲೇ ನಿಮ್ಮ ಮದುವೆ ಕೋಟು ದೊಡ್ಡದಾಗಿ ಹೊಲಿಸಿದ್ದರು. ಬೀರುವಿನಲ್ಲಿದೆ, ಹಾಕಿ ನೋಡ್ಕೊಳ್ಳಿ. ನಾನಂತೂ ಇನ್ನೂ ಕಾಯ್ತಾನೇ ಇದ್ದೀನಿ.