ಒಂದು ಗೇಣು ಸೀಟು

ಬೀದರ,
16 ನವೆಂಬರ್ 2025, ರವಿವಾರ

ಪ್ರೀತಿಯ ಅಣ್ಣಾ,

ನಿನ್ನ ದಾನಿಯ ಶರಣು. ಕಣ್ಣು ಹೇಗಿವೆ? ಹನಿ ಔಷಧ ಹೊತ್ತಿಗೆ ಸರಿಯಾಗಿ ಬೀಳುತ್ತಿದೆಯೋ, ಇಲ್ಲಾ ಸೌಂದರ್ಯಾ ಬಾಟಲಿ ಹಿಡಿದು ಬಂದಾಗಲೆಲ್ಲ ನಿದ್ದೆ ಬಂದವನ ಹಾಗೆ ಗೋಡೆಯ ಕಡೆ ಹೊರಳುತ್ತೀಯೋ? ಡಾಕ್ಟರು ಹೇಳಿದ್ದು ನೆನಪಿರಲಿ, ಹೋದ ನೋಟ ತಿರುಗಿ ಬರುವುದಿಲ್ಲ, ಇರುವಷ್ಟನ್ನು ಕಾಯ್ದುಕೊಳ್ಳಬೇಕು. ಉದಗೀರದಲ್ಲೂ ಥಂಡಿ ಶುರುವಾಗಿರಬೇಕು. ಹೋದ ಸಲ ಕಳಿಸಿದ ಕೌದಿ ಹೊದ್ದುಕೋ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಇಲ್ಲಿ ನಾವೆಲ್ಲ ಆರಾಮ ಇದ್ದೇವೆ, ಇವರೂ ನಿನ್ನನ್ನು ಕೇಳಿದ್ದಾರೆ. ಈ ಮಾತೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡನೆಯ ಮಾತಿಗೇ "ಆಯ್ತ್ ತಗೋ, ಇಡ್ತೇನಿ" ಅನ್ನುತ್ತೀ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ಇದನ್ನು ನಿನಗೆ ಓದಿ ಹೇಳುವವಳು ನಿನ್ನ ಮಗಳು, ಅವಳು ಓದುತ್ತಿರುವಾಗ ನೀನು ಎದ್ದು ಹೋಗುವವನಲ್ಲ. ಸೌಂದರ್ಯಾ, ನೀನೂ ನಡುವೆ ನಿಲ್ಲಿಸಬೇಡಮ್ಮಾ. ಒಂದು ಜಾಗದಲ್ಲಿ ನಿನಗೆ ಹಾಗೆ ಅನ್ನಿಸುತ್ತದೆ. ಆದರೂ ಓದು.

ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ನೀನು ಭಾಲ್ಕಿಯ ಮನೆ ಬಿಟ್ಟು ಮಗಳ ಮನೆಗೆ ಹೋಗುವಾಗ ನಮ್ಮ ಅಂಬಾಸಿಡರ್‌ನ ಕೀಲಿ ನನ್ನ ಮೇಜಿನ ಮೇಲಿಟ್ಟು, "ಗುಜರಿಗಿ ಹಾಕ್ಬಿಡು ದಾನಿ, ಕಣ್ಣಿಲ್ದಂವಗ ಗಾಡಿ ಯಾಕ" ಅಂದಿದ್ದೆ. ನಾನು ಹೂಂ ಅಂದಿದ್ದೆ. ಆ ಮೇಲೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಗಾಡಿ ಎಲ್ಲಿಗೂ ಹೋಗಿಲ್ಲ ಅಣ್ಣಾ. ಭಾಲ್ಕಿಯ ಪತ್ರಾಸಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಈ ಆಗಸ್ಟಿನಲ್ಲಿ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಬೀದರಿಗೆ ಎಳೆಸಿಕೊಂಡು ಬಂದೆ. ಇಂಜಿನ್ ನೋಡಿದ ಮೇಸ್ತ್ರಿ, "ಇದ್ಕ ಏನ್ ಬಿ ಆಗಿಲ್ರಿ, ನಿಮ್ಮಣ್ಣ ಹೆಣ್ಮಗಳಿಗಿ ಸಾಕ್ದಂಗ ಸಾಕ್ಯಾರ" ಅಂದ. ಕೆಟ್ಟಿದ್ದು ಒಳಗೆ. ಇಲಿಗಳು ಹಿಂದಿನ ಸೀಟಿನಲ್ಲಿ ಸಂಸಾರ ಹೂಡಿದ್ದವು, ಛಾವಣಿಯ ಒಳಬಟ್ಟೆ ಜೋತುಬಿದ್ದು ತಲೆಗೆ ತಾಗುತ್ತಿತ್ತು, ಕಾಲಡಿಯ ರಬ್ಬರಿನ ಕೆಳಗೆ ತಗಡು ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು. ಒಳಗಿನದನ್ನೆಲ್ಲ ಬಿಚ್ಚಿ ಹೊಸದಾಗಿ ಮಾಡುವವರು ಈಗ ಇಲ್ಲಿ ಒಬ್ಬರೇ ಉಳಿದಿದ್ದಾರೆ, ನಜಮೋದ್ದೀನ ಚಾಚಾ. ಅರವತ್ತೈದು ದಾಟಿರಬೇಕು. ಮನೆಯ ಅಂಗಳವೇ ಅವರ ಕಾರಖಾನೆ. ಅವರು ರೆಕ್ಸಿನ್ ಕತ್ತರಿಸುತ್ತಾರೆ, ಅಂಚಿನ ಹೊಲಿಗೆ ಹಾಕುವವರು ಅವರ ಹೆಂಡತಿ ಖತೀಜಾ ಬೇಗಂ.

ಚಾಚಾ ಸೀಟುಗಳನ್ನು ಬಿಚ್ಚಿ ಅಂಗಳದ ಬಿಸಿಲಲ್ಲಿ ಸಾಲಾಗಿ ಇಟ್ಟು, ಒಂದು ಇಡೀ ದಿನ ಏನೂ ಮಾಡಲಿಲ್ಲ. ಚಹಾ ಕುಡಿಯುತ್ತ ಅವುಗಳ ಸುತ್ತ ತಿರುಗಿದರು. ಏನು ನೋಡುತ್ತಿದ್ದೀರಿ ಎಂದು ಕೇಳಿದರೆ, "ಯಾರ್ ಯಾರ್ ಕುಂತಾರ ಅಂತ ನೋಡ್ಲತ್ತೀನ್ರಿ ಮೇಡಂ" ಅಂದರು. ನಾನು ತಮಾಷೆ ಅಂದುಕೊಂಡೆ. ನಮ್ಮ ಕಡೆಯ ರೂಢಿ ನಿನಗೆ ಗೊತ್ತಲ್ಲ, ಹಳೆಯ ಕವರ್ ತೆಗೆಯುವುದಿಲ್ಲ, ಅದರ ಮೇಲೆಯೇ ಹೊಸದನ್ನು ಏರಿಸುವುದು. ನಮ್ಮ ಗಾಡಿಗೂ ನಾಲ್ಕು ಪದರ ಇದ್ದವು. ಮೇಲೆ ಲಗ್ನದ ಸೀಸನ್ನಿಗೆಂದು ನೀನು ಹಾಕಿಸಿದ ಕೆಂಪು ಮಖಮಲ್ಲು, ಅದರ ಕೆಳಗೆ ನೀಲಿ ಪಟ್ಟೆಯ ಟವೆಲ್ಲಿನ ಬಟ್ಟೆ, ಅದರ ಕೆಳಗೆ ಕರಿ ರೆಕ್ಸಿನ್. ಕೊನೆಗೆ ಕಂಪನಿಯಿಂದ ಬಂದ ಬೆಲ್ಲದ ಬಣ್ಣದ ಮೂಲ ಸೀಟು, ನಾವು ಯಾರೂ ಒಂದು ದಿನವೂ ಕಣ್ಣಾರೆ ನೋಡದ್ದು. ನೀನು ಗಾಡಿ ಕೊಳ್ಳುವ ಮೊದಲೇ ಅದು ಮುಚ್ಚಿಹೋಗಿತ್ತು. ಪದರ ಪದರದ ನಡುವೆ ಅಕ್ಷತೆ ಕಾಳು, ಶೇಂಗಾ ಸಿಪ್ಪೆ, ಯಾವುದೋ ಕೂಸಿನ ಕಾಲ್ಗಡಗದ ಒಂದು ಗೆಜ್ಜೆ. ಸಾಯಗಾಂವದಿಂದ, ಎಕಂಬಾದಿಂದ ಎಷ್ಟು ಮದುಮಕ್ಕಳನ್ನು ಒಯ್ದೆಯೋ ನೀನು. ಆ ಗೆಜ್ಜೆಯನ್ನು ತೆಗೆದಿಟ್ಟಿದ್ದೇನೆ, ಕಳೆದುಕೊಂಡ ಕೂಸಿಗೆ ಈಗ ಮೊಮ್ಮಕ್ಕಳಿಲ್ಲದಿದ್ದರೂ ಮಕ್ಕಳಂತೂ ಇರಬೇಕು.

ಎರಡನೆಯ ಶನಿವಾರ ಕಾಲೇಜಿಗೆ ರಜೆ ಇತ್ತು. ನಾನೂ ಕೈ ಹಚ್ಚುತ್ತೇನೆಂದು ಹೋದೆ. ಮುಂದಿನ ಉದ್ದ ಸೀಟಿನ ಬಲತುದಿಯಲ್ಲಿ, ಬಾಗಿಲಿಗೆ ಹತ್ತಿದ ಅಂಚಿನಲ್ಲಿ, ಕವರಿನ ಒಳಗೆ ತುರುಕಿದ್ದ ಬಟ್ಟೆಯ ಒಂದು ಗಂಟು ಸಿಕ್ಕಿತು. ಎಣ್ಣೆ, ಬೆವರು, ಧೂಳು ಕೂಡಿ ಕರ್ರಗಾಗಿತ್ತು. ನಾನು ಎರಡು ಬೆರಳಲ್ಲಿ ಹಿಡಿದು, ಸುಡಲು ಹಾಕಿದ್ದ ಹಳೆಯ ನಾರಿನ ರಾಶಿಗೆ ಒಗೆದೆ. ಮರುದಿನ ಹೋದಾಗ ಚಾಚಾ ಬರೀ ಕಬ್ಬಿಣದ ಚೌಕಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದರು. "ಮೇಡಂ, ಈ ಡ್ರೈವರ್ ಸೀಟಿನ ಮ್ಯಾಲ ಕುಂತೇ ಇಲ್ರಿ" ಅಂದರು. ಮತ್ತೆ ಎಲ್ಲಿ ಕುಂತಾನೆ ಅಂದೆ. ಬಲತುದಿಯ ದಪ್ಪ ಸರಳು ತೋರಿಸಿದರು. ಅದರ ಬಣ್ಣವೆಲ್ಲ ಹೋಗಿ, ತಿಕ್ಕಿದ ತಾಮ್ರದ ಕೊಡದಂತೆ ನುಣುಪಾಗಿತ್ತು. "ಇಕಾ, ಇದ್ರ ಮ್ಯಾಲ. ಒಂದ್ ಗೇಣ್ ಜಾಗಾದಾಗ. ಸೀಟಿನ ಸ್ಪ್ರಿಂಗ್ ಎಲ್ಲಾ ಮಂದಿ ಭಾರಕ್ಕ ಸವದಾವ, ಇಂವಂದು ಕಬ್ಬಿಣ ಸವದದ. ಇಲ್ಲೊಂದ್ ಸಣ್ಣ ಗಾದಿ ಇರ್ಬೇಕಿತ್ತಲ್ರಿ?" ನಿನ್ನೆ ರಾಶಿಗೆ ಒಗೆದುಬಿಟ್ಟೆ ಎಂದು ನಾನು ಹೇಳುವಷ್ಟರಲ್ಲಿ ಖತೀಜಾ ಬೇಗಂ ಹಗ್ಗದ ಮೇಲಿಂದ ಒಣಗಿದ ಬಟ್ಟೆಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿದರು. ರಾಶಿಗೆ ಬೆಂಕಿ ಇಡುವ ಮೊದಲು ಕೈ ಆಡಿಸಿ ನೋಡಿದ್ದರಂತೆ. "ಕೈಕೆಲಸ ಹಂಗ ಒಗೀಬಾರ್ದು ಬೇಟಿ. ಯಾರೋ ನಿದ್ದಿ ಬಿಟ್ಟು ಹೊಲದಿರ್ತಾರ." ತೊಳೆದ ಮೇಲೆ ಬಣ್ಣ ಎದ್ದಿತ್ತು. ಅವ್ವನ ಹಸಿರು ಸೀರೆಯ ಸೆರಗು, ನಿನ್ನ ಕಾಲೇಜಿನ ಬಿಳಿ ಅಂಗಿ, ನನ್ನ ಸಾಲೆಯ ನೀಲಿ ಲಂಗ. ಅಕ್ಕಿಕಾಳಿನಂಥ ಆ ಹೊಲಿಗೆ ಅವ್ವನದೇ. ಬದಿಗೆ ಪದರ ಎಣಿಸಿದರೆ ಆರು ಸಲ ಹೊಸ ಮೇಲುಹೊದಿಕೆ ಹೊಲಿದಿದ್ದಾಳೆ. ಅಂದರೆ ಅವಳಿಗೆ ಗೊತ್ತಿತ್ತು. ನೀವಿಬ್ಬರೂ ನನಗೆ ಹೇಳಲಿಲ್ಲ.

ನಾನೇ ನೋಡಬಹುದಿತ್ತು ಅಣ್ಣಾ. ಅದೇ ಗಾಡಿಯಲ್ಲಿ ನಾನೂ ಬರುತ್ತಿದ್ದೆ. ಔರಾದ ಸ್ಟ್ಯಾಂಡಿನಲ್ಲಿ "ಭಾಲ್ಕಿ ಭಾಲ್ಕಿ ಭಾಲ್ಕಿ" ಎಂದು ಕೂಗಿ, ಹಿಂದೆ ಐದು ಮಂದಿ, ಮುಂದೆ ನಿನ್ನನ್ನು ಬಿಟ್ಟು ಮೂರು ಮಂದಿ. ಗೇರು ಸ್ಟೇರಿಂಗಿನ ಕೊರಳಲ್ಲೇ ಇದ್ದುದರಿಂದ ನಡುವೆ ಇನ್ನೊಬ್ಬನನ್ನು ತುರುಕಲು ಅಡ್ಡಿಯಿರಲಿಲ್ಲ. "ಸರೀರಿ ಕಾಕಾ, ಸರೀರಿ, ಇನ್ನಾ ಒಬ್ರಿಗಿ ಜಾಗಾ ಅದ" ಎಂದು ನೀನೇ ಮೊದಲು ಸರಿಯುತ್ತಿದ್ದೆ. ಅರ್ಧ ಮೈ ಕಿಟಕಿಯ ಹೊರಗೆ, ಬಲಗೈಯ ಅಂಗಿ ತೋಳು ಬಿಸಿಲಿಗೆ ಬಿಳಿಚಿ. ಅದನ್ನು ಡ್ರೈವರ್‌ಗಳ ಗತ್ತು ಎಂದುಕೊಂಡಿದ್ದೆ. ಅಪ್ಪ ಹೋದಾಗ ನೀನು ಬಿ.ಎಸ್ಸಿ. ಎರಡನೆಯ ವರ್ಷ ಬಿಟ್ಟು ಸ್ಟೇರಿಂಗ್ ಹಿಡಿದೆ, ಕೇಳಿದವರಿಗೆಲ್ಲ "ಗಣಿತ ನಂಗ ಒಗ್ಗಂಗಿಲ್ಲ" ಅಂದೆ. ಅದನ್ನೂ ನಂಬಿದೆ. ನಾನು ನಂಬಿದ್ದು ನನಗೆ ಅನುಕೂಲವಾಗಿತ್ತು.

ಈಗ ಆ ಮಾತು. ಸೌಂದರ್ಯಾ, ಇದೇ ಆ ಜಾಗ.

ಕಲಬುರಗಿಯಲ್ಲಿ ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ನೀನು ತಿಂಗಳಿಗೊಮ್ಮೆ ಗಾಡಿ ತುಂಬ ಮಂದಿಯನ್ನು ಹೇರಿಕೊಂಡು ಬಂದು, ಅವ್ವನ ಕಟಿ ರೊಟ್ಟಿ, ಶೇಂಗಾ ಹಿಂಡಿ ತಂದು ಕೊಡುತ್ತಿದ್ದೆ. ಹಾಸ್ಟೆಲ್ಲಿನ ವರಾಂಡದಲ್ಲಿ ಕುರ್ಚಿಗಳಿದ್ದರೂ ಎಂದೂ ಕೂಡುತ್ತಿರಲಿಲ್ಲ, ಕಂಬಕ್ಕೆ ಆತು ನಿಲ್ಲುತ್ತಿದ್ದೆ. ಒಂದು ದಿನ ನನ್ನ ಜೊತೆಯವಳೊಬ್ಬಳು ಮೆಟ್ಟಿಲಿಳಿಯುತ್ತ, ಅವರು ಯಾರೇ ಅಂತ ಕೇಳಿದಳು. ನಿನ್ನ ಖಾಕಿ ಅಂಗಿ, ಎಣ್ಣೆಯ ಕೈ ನೋಡಿದೆ. "ನಮ್ಮ ಗಾಡಿ ಡ್ರೈವರ್" ಅಂದೆ. ನೀನು ನಾಲ್ಕು ಮಾರು ದೂರದಲ್ಲಿದ್ದೆ. ಕೇಳಿಸಿರಲಿಕ್ಕಿಲ್ಲ ಎಂದು ನಾನು ಬಹಳ ದಿನ ನನ್ನನ್ನೇ ಸಮಾಧಾನ ಮಾಡಿಕೊಂಡೆ, ಆದರೆ ಉತ್ತರ ಅವತ್ತೇ ಸಿಕ್ಕಿತ್ತು. ರಜೆಗೆ ಊರಿಗೆ ಹೊರಟಿದ್ದೆ. ಅಲ್ಲಿಯ ತನಕ ನಾನು ಮುಂದೆ, ನಿನ್ನ ಬಾಜೂಕೆ ಕೂಡುತ್ತಿದ್ದೆ. ಅವತ್ತು ನೀನು ಚೀಲ ಇಟ್ಟು, ಸುತ್ತಿ ಬಂದು, ಹಿಂದಿನ ಬಾಗಿಲು ತೆಗೆದು ನಿಂತೆ. ಮುಖದಲ್ಲಿ ಸಿಟ್ಟಿರಲಿಲ್ಲ. "ಕುಂಡ್ರು, ಹೊತ್ತಾಗ್ತದ" ಅಂದೆ, ಅಷ್ಟೆ. ಎರಡು ಹೆಜ್ಜೆ ನಡೆದು ಮುಂದಿನ ಬಾಗಿಲು ನಾನೇ ತೆಗೆಯಬಹುದಿತ್ತು. ತೆಗೆಯಲಿಲ್ಲ. ಹಿಂದೆ ಕೂತು ಕವಿತೆಯ ಪುಸ್ತಕ ಬಿಡಿಸಿದೆ. ಓದಲಾಗದೆ, ಛಾವಣಿಯ ಬಟ್ಟೆ ಜೋತುಬೀಳದಂತೆ ನೀನು ಚುಚ್ಚಿದ್ದ ಪಿನ್ನುಗಳನ್ನು ನೋಡುತ್ತ ಭಾಲ್ಕಿಯ ತನಕ ಬಂದೆ. ಆಮೇಲೆ ನನ್ನ ಲಗ್ನದ ದಿನ, ಅವ್ವನನ್ನು ದವಾಖಾನೆಗೆ ಒಯ್ದ ದಿನ, ಯಾವತ್ತೂ ನೀನು ನನಗೆ ಹಿಂದಿನ ಬಾಗಿಲನ್ನೇ ತೆಗೆದೆ. ನಾನು ಯಾವತ್ತೂ ಅಲ್ಲೇ ಕೂತೆ. ನೀನು ಹಾಸ್ಟೆಲ್ಲಿನಲ್ಲಿ ನಿಂತೇ ಇರುತ್ತಿದ್ದುದು ಅಭಿಮಾನಕ್ಕೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮಡಿಲಲ್ಲಿ ಆ ಗಾದಿ ಬಿದ್ದಾಗ ತಿಳಿಯಿತು, ಕಬ್ಬಿಣದ ಮೇಲೆ ಅಷ್ಟು ದೂರ ಬಂದವನಿಗೆ ಕೂಡಲು ಆಗುತ್ತಿರಲಿಲ್ಲ.

ಕವಿತೆಯಲ್ಲಿ ಹೇಳದೆ ಬಿಟ್ಟದ್ದನ್ನು ಓದಬೇಕು ಎಂದು ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನನಗೆ ಅದನ್ನು ಕಲಿಸಲು ಸೀಟು ಹೊಲಿಯುವವರೊಬ್ಬರು ಬೇಕಾದರು. ನಾನು ಓದಿದ ಪ್ರತಿ ಪುಟ, ನಿಂತು ಹೇಳುವ ಪ್ರತಿ ಪಾಠ ನಿನ್ನ ಆ ಒಂದು ಗೇಣು ಜಾಗದ ಮೇಲೆ ಕೂತಿದೆ. ನಮ್ಮ ಮನೆಯಲ್ಲಿ ಉಪಕಾರ ಎನ್ನುವ ಮಾತು ಆಡುವ ರೂಢಿ ಇಲ್ಲ, ಆಡಿದರೆ ನೀನು ನಗುತ್ತೀ. ನಗು. ಆದರೂ ಆಡುತ್ತೇನೆ. ನಿನ್ನ ಉಪಕಾರ ದೊಡ್ಡದು ಅಣ್ಣಾ, ನನ್ನ ತಪ್ಪೂ ಸಣ್ಣದಲ್ಲ. ಎರಡನ್ನೂ ನಿನ್ನ ಮಗಳ ಬಾಯಿಂದಲೇ ಕೇಳು ಎಂದು ಬರೆಯುತ್ತಿದ್ದೇನೆ. ಅವಳಿಗೂ ತನ್ನಪ್ಪ ಯಾರೆಂದು ಗೊತ್ತಾಗಲಿ.

ಸೀಟನ್ನು ಮೊದಲು ಇದ್ದ ಹಾಗೆಯೇ ಮಾಡಿ, ಆ ಗಾದಿ ಅಲ್ಲೇ ಇರಲಿ ಎಂದು ಚಾಚಾನಿಗೆ ಹೇಳಿದೆ. ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ಸೀಟ್ ರಿಪೇರಿ ಮಾಡ್ತೀನ್ರಿ ಮೇಡಂ. ನೋವು ಯಾಕ ರಿಪೇರಿ ಮಾಡಸ್ತೀರಿ?" ಅಂದರು. ಆ ಸರಳಿನ ಮೇಲೆ ಗೋಣಿತಟ್ಟು ಸುತ್ತಿ, ಹೊಸ ನಾರು ತುಂಬಿ, ಮೆತ್ತಗೆ ಮಾಡಿದ್ದಾರೆ. ಮೇಲೆ ಬೆಲ್ಲದ ಬಣ್ಣದ್ದೇ ರೆಕ್ಸಿನ್, ಈ ಸಲ ಒಂದೇ ಪದರ. ಛಾವಣಿಯ ಬಟ್ಟೆ ಈಗ ಹಾಲಿನ ಕೆನೆಯ ಬಣ್ಣದ್ದು, ಬಿಗಿಯಾಗಿದೆ, ಪಿನ್ನುಗಳನ್ನೆಲ್ಲ ಕಿತ್ತಿದ್ದಾರೆ. ಅವ್ವನ ಗಾದಿಯನ್ನು ಮುಂದಿನ ಸೀಟಿನ ಎಡಭಾಗಕ್ಕೆ, ಸೊಂಟಕ್ಕೆ ಆಸರೆಯಾಗುವಂತೆ ಇಟ್ಟಿದ್ದಾರೆ. ಆದರೆ ಅಲ್ಲಿ ಬರೀ ಕಚ್ಚಾ ಹೊಲಿಗೆ. ಅಂಗಿ ಹೊಲಿಯುವವ ಅಳತೆ ಇಲ್ಲದೆ ಹೊಲಿಯುತ್ತಾನೇನು ಎಂದು ಕೇಳುತ್ತಾರೆ. "ಕೂಡಾಂವಗ ಕರ್ಕೊಂಡ್ ಬರ್ರಿ, ಕುಂದ್ರಿಸಿ ಚಾಕ್ ಹಾಕ್ತೀನಿ, ಆಮ್ಯಾಲ ಪಕ್ಕಾ ಹೊಲಿಗಿ."

ನಾನು ಮೂರು ಸಲ ಕರೆದಾಗಲೂ ನೀನು, "ನಾ ಬಂದ್ ಏನ್ ಮಾಡ್ಲಿ, ಗಾಡಿ ಹೊಡೀಲಾಕ ಬರಂಗಿಲ್ಲ" ಅಂದಿದ್ದೀ. ಗಾಡಿ ಹೊಡೆಯುವುದೊಂದೇ ನಿನ್ನ ಕೆಲಸ ಎಂದು ನಿನಗೆ ಯಾರು ಹೇಳಿದರೋ. ನಾನೇ ಹೇಳಿದ್ದೆ, ಗೊತ್ತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲೆಂದೇ ಈ ಕಾಗದ ಬರೆಯುತ್ತಿದ್ದೇನೆ.

ಸೌಂದರ್ಯಾಳಿಗೆ, ಅಳಿಯನಿಗೆ, ಮಕ್ಕಳಿಗೆ ನನ್ನ ಹಾರೈಕೆ. ಖತೀಜಾ ಬೇಗಂ ನಿನಗೆ ಸಲಾಮ್ ಹೇಳಲು ಹೇಳಿದ್ದಾರೆ, ನಿನ್ನನ್ನು ನೋಡದೆಯೇ ಬಲ್ಲೆ ಅನ್ನುತ್ತಾರೆ. ಬಸವಣ್ಣ ನಿನ್ನ ಕಣ್ಣು ಕಾಯಲಿ.

ನಿನ್ನ ತಂಗಿ,
ದಾನಮ್ಮ

ತಾ.ಕ.: ಹೇಳಬೇಕಾದ್ದೇ ಉಳಿಯಿತು. ಮುಂದಿನ ರವಿವಾರ ಬೆಳಿಗ್ಗೆ ಗಾಡಿ ಉದಗೀರಕ್ಕೆ ಬರುತ್ತದೆ, ಭಾಲ್ಕಿ ಮೇಲಿಂದ. ಹೊಡೆಯುವವಳು ನಾನೇ. ನಮ್ಮ ಕಾಲೇಜಿನ ಉರ್ದು ಮೇಡಂ ನಾಹೀದ ಎರಡು ತಿಂಗಳು ಅಷ್ಟೂರ ರಸ್ತೆಯಲ್ಲಿ ನನಗೆ ಕಲಿಸಿದ್ದಾಳೆ. ಮೊದಲ ವಾರ ಕುರಿಹಿಂಡಿನ ನಡುವೆ ಇಂಜಿನ್ ಬಂದ್ ಬಿದ್ದಾಗ ಕುರುಬ, "ಅಕ್ಕಾ, ಇಳೀರಿ, ಕುರಿಗಿ ಹೇಳ್ತೇನಿ, ದೂಕ್ತಾವ" ಅಂದ. ಈಗ ಲೈಸೆನ್ಸ್ ಬಂದಿದೆ, ಗಾಡಿಯ ಕಾಗದಗಳೂ ಸರಿಯಾಗಿವೆ. ಜೊತೆಗೆ ನಾಹೀದ ಬರುತ್ತಾಳೆ, ಅವಳು ಹಿಂದೆ ಕೂಡುತ್ತಾಳೆ. ಉದ್ದ ಸೀಟು, ಜರುಗಿಸಿದರೆ ಇಡಿಯಾಗಿ ಜರುಗುತ್ತದೆ. ನನ್ನ ಕಾಲು ಗಿಡ್ಡವಾದ್ದರಿಂದ ನಿನ್ನ ಮೊಣಕಾಲು ಮುಂದೆ ಬಡಿಯಬಹುದು, ಬೈಯಬೇಡ. ನಿನಗೆ ನೇರ ಮುಂದಿನದು ಕಾಣುತ್ತದಲ್ಲ, ಅಷ್ಟು ಸಾಕು, ಬಾಜೂದ್ದನ್ನು ನಾನು ನೋಡಿಕೊಳ್ಳುತ್ತೇನೆ. ಎಂಟು ದಿನದ ಬಟ್ಟೆ, ಕಣ್ಣಿನ ಹನಿ ಚೀಲಕ್ಕೆ ಹಾಕಿ ತಯಾರಿರು. ಮುಂದಿನ ಬಾಗಿಲು ತೆಗೆದು ಹಿಡಿದು ನಿಂತಿರುತ್ತೇನೆ. ಓಣಿಯವರು ಯಾರು ಬಂದಾರ ಅಂತ ಕೇಳಿದರೆ, ನಮ್ಮ ಗಾಡಿ ಡ್ರೈವರ್ ಅಂತ ಹೇಳು.